ಮಲಯಾಳದ ಬಾಳು, ಕನ್ನಡದ ನ್ಯಾಯವಿಚಾರ: ಸಾರಾ ಅಬೂಬಕ್ಕರ್ ಮತ್ತು ನಿರಂಜನ

ಕಾಸರಗೋಡಿನ ಕನ್ನಡ ಸಾಹಿತ್ಯವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಒಂದೇ ಹಾದಿಯಲ್ಲಿ ನಡೆದುಬಂದಿದೆ. ಮಂಜೇಶ್ವರದ ಗೋವಿಂದ ಪೈಗಳಲ್ಲಿ ಮೊದಲಾಗುವ ಆ ಹಾದಿ, 1956ರ ರಾಜ್ಯ ಪುನರ್ವಿಂಗಡಣೆಯ ನೋವಿಗೆ ದನಿ ಕೊಟ್ಟ ಕಯ್ಯಾರ ಕಿಞ್ಞಣ್ಣ ರೈಗಳಲ್ಲಿ ತನ್ನ ಎತ್ತರವನ್ನು ಮುಟ್ಟುತ್ತದೆ. ನುಡಿಯನ್ನು ಕಳೆದುಕೊಳ್ಳುವ ಭಯವೇ ಇಲ್ಲಿನ ಸ್ಥಾಯಿ. ಆದರೆ ಈ ನೆಲದಿಂದ ಹುಟ್ಟಿ ಕನ್ನಡದಲ್ಲೆಲ್ಲ ಓದಿಸಿಕೊಂಡ ಎರಡು ಕಾದಂಬರಿಗಳು ಈ ಹಾದಿಯ ಮೇಲೆ ಇಲ್ಲ. ನಿರಂಜನರ 'ಚಿರಸ್ಮರಣೆ' (1955) ಒಂದು. 1980ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಇನ್ನೊಂದು. ಎರಡರಲ್ಲೂ ಬದುಕುವವರು, ಜಗಳವಾಡುವವರು, ಸಾಯುವವರು ಮನೆಯಲ್ಲಿ ಮಲಯಾಳ ಆಡುವ ಜನ. ಅವರ ಪಾಲಿಗೆ ಕನ್ನಡವು ಕಳೆದುಹೋಗುವ ಸೊತ್ತಲ್ಲ. ಅವರ ಬದುಕಿನ ನ್ಯಾಯಾನ್ಯಾಯಗಳನ್ನು ವಿಚಾರಿಸಿದ ನುಡಿ.

ಈ ಸಂಗತಿಯನ್ನು ವಿಮರ್ಶೆ ಗಂಭೀರವಾಗಿ ತೆಗೆದುಕೊಂಡಿಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಸಾರಾ ಅವರ ಮನೆಮಾತು ಮಲಯಾಳ, ಶಾಲೆಯ ಮಾತು ಕನ್ನಡ. ಮುಸ್ಲಿಂ ಹುಡುಗಿಯರು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರಿಗೆ ದೊರೆತ ಬರವಣಿಗೆಯ ನುಡಿ ಅದು. ಹೀಗಾಗಿ ಮನೆಯೊಳಗಿನ ಮಾತು ಕಾಗದಕ್ಕೆ ಇಳಿಯುವಾಗಲೇ ಒಂದು ಅನುವಾದ ನಡೆದಿರುತ್ತದೆ. ಸಾರಾ ಅವರ ಗದ್ಯ ಸಪಾಟು, ಅಲಂಕಾರವಿಲ್ಲದ್ದು, ವರದಿಯ ಹಾಗಿರುವಂಥದ್ದು ಎಂಬ ಆಕ್ಷೇಪ ಹಳೆಯದು. ಬೊಳುವಾರು ಮಹಮದ್ ಕುಂಞಿಯವರ ಕಥೆಗಳ ತುಂಟತನವನ್ನು ಪಕ್ಕದಲ್ಲಿಟ್ಟರೆ ಆಕ್ಷೇಪಕ್ಕೆ ಬಲ ಬರುತ್ತದೆ, ನಿಜ. ಆದರೂ ಆ ಸಪಾಟುತನಕ್ಕೆ ಒಂದು ಕೆಲಸವಿದೆ. ಮನೆಮಾತಿನ ಅಕ್ಕರೆ, ಅಳುಕು, ಹಿರಿಯರೆದುರಿನ ತಗ್ಗಿದ ದನಿ ಎಲ್ಲವನ್ನೂ ಶಾಲೆಯ ಕನ್ನಡ ಸೋಸಿಬಿಡುತ್ತದೆ. ಉಳಿಯುವುದು ನಡೆದ ಕೃತ್ಯ ಮತ್ತು ಅದರ ಪರಿಣಾಮ. ಮಹಮ್ಮದ್ ಖಾನನ ಗದರಿಕೆಯಲ್ಲಿ ಮನೆಮಾತಿನ ಬಿಸಿ ಇದ್ದಿದ್ದರೆ ಓದುಗ ಅದನ್ನು ಯಜಮಾನನೊಬ್ಬನ ಸಹಜ ಸಿಟ್ಟೆಂದು ಕ್ಷಮಿಸಿಬಿಡುವ ಅಪಾಯವಿತ್ತು. ಕನ್ನಡದ ಆ ತಣ್ಣನೆಯ ವಾಕ್ಯಗಳು ಕ್ಷಮೆಗೆ ಎಡೆಗೊಡುವುದಿಲ್ಲ.

ಕಥೆ ಎಲ್ಲರಿಗೂ ತಿಳಿದದ್ದೇ. ಹಣದ ವಿಚಾರದಲ್ಲಿ ಅಳಿಯ ರಶೀದನ ಮೇಲೆ ಮುನಿದ ಮಹಮ್ಮದ್ ಖಾನ್ ಮಗಳು ನಾದಿರಾಳನ್ನು ತವರಿಗೆ ಕರೆತಂದು ಕೂರಿಸುತ್ತಾನೆ; ಸಂಬಂಧ ತಲಾಖಿನಲ್ಲಿ ಮುಗಿಯುತ್ತದೆ. ಗಂಡಹೆಂಡಿರಿಬ್ಬರಿಗೂ ಮತ್ತೆ ಕೂಡುವ ಮನಸ್ಸಿದೆ. ಅದಕ್ಕೆ ಅವಳು ಮೊದಲು ಬೇರೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನೊಂದಿಗೆ ಕಳೆದು, ಅವನಿಂದ ಬಿಡುಗಡೆ ಪಡೆಯಬೇಕು ಎಂಬುದು ಕಟ್ಟಳೆ. ನಾದಿರಾ ಮಸೀದಿಯ ಕೊಳದಲ್ಲಿ ಮುಳುಗುತ್ತಾಳೆ.

ಕಾದಂಬರಿ ಬಂದ ಕೆಲವೇ ವರ್ಷಗಳಲ್ಲಿ, 1985ರಲ್ಲಿ, ಶಾ ಬಾನು ತೀರ್ಪು ಹೊರಬಿತ್ತು. ಅಂದಿನಿಂದ ಈ ಕೃತಿಯನ್ನು ಕಾನೂನಿನ ಚರ್ಚೆಗೆ ಒದಗಿದ ಸಾಕ್ಷ್ಯದಂತೆ ಓದುವ ರೂಢಿ ಬಲಿಯಿತು. 2017ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, 2019ರ ಕಾಯಿದೆಗಳ ನಂತರ ಇದೇ ಓದು ತಿರುಗಿ ಕೃತಿಗೇ ಮುಳುವಾಗಬಹುದು: ಕಾನೂನು ಬದಲಾಯಿತು, ಸಾಕ್ಷ್ಯದ ಕೆಲಸ ಮುಗಿಯಿತು ಎಂದುಬಿಡಬಹುದು. ಹಾಗೆನ್ನುವವರು ಕಾದಂಬರಿಯ ನಡುಭಾಗವನ್ನು ಮರಳಿ ನೋಡಬೇಕು. ಅಲ್ಲಿ ನಾದಿರಾಳನ್ನು ಕೊಲ್ಲುವುದಕ್ಕೆ ಕಟ್ಟಳೆಯೊಂದೇ ಸಾಲದು. ಅವಳ ಕುರಿತು ಅಪ್ಪ ಮಾತನಾಡುತ್ತಾನೆ, ಗಂಡ ಮಾತನಾಡುತ್ತಾನೆ, ಊರಿನ ಗಂಡಸರು ಮಾತನಾಡುತ್ತಾರೆ, ಅವಳನ್ನು ಕೇಳುವವರಿಲ್ಲ. ಪಶ್ಚಾತ್ತಾಪ ಪಟ್ಟ ಅಪ್ಪನೂ ಅವಳ ಪರವಾಗಿ ತಾನೇ ತೀರ್ಮಾನಿಸುತ್ತಾನೆ. ಸಾರಾ ಅವರ ನೈತಿಕ ದೃಷ್ಟಿ ಅತ್ಯಂತ ಹರಿತವಾಗಿರುವುದು ಇಲ್ಲಿಯೇ, ಕ್ರೌರ್ಯಕ್ಕೂ ವಾತ್ಸಲ್ಯಕ್ಕೂ ಒಂದೇ ವ್ಯಾಕರಣವಿರುವುದನ್ನು ತೋರಿಸುವಲ್ಲಿ. ಯಾವ ತೀರ್ಪೂ ಆ ವ್ಯಾಕರಣವನ್ನು ತಿದ್ದಲಾರದು. ಅದು ಒಂದು ಮತಕ್ಕೆ ಸೀಮಿತವೂ ಅಲ್ಲ.

ಇನ್ನು 'ಚಿರಸ್ಮರಣೆ'. ಚಂದ್ರಗಿರಿಯ ದಕ್ಷಿಣಕ್ಕೆ, ತೇಜಸ್ವಿನಿ ನದಿಯ ದಡದ ಕಯ್ಯೂರಿನಲ್ಲಿ 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ನಡುವೆ ಸಿಕ್ಕಿದ ಪೊಲೀಸ್ ಪೇದೆಯೊಬ್ಬ ಹೊಳೆಯಲ್ಲಿ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನೀಲೇಶ್ವರದಲ್ಲಿ ಓದಿದ್ದ ನಿರಂಜನರಿಗೆ ಆ ಸೀಮೆ ಪರಿಚಿತ. ಅವರ ಕನ್ನಡ ಸಾರಾ ಅವರದಕ್ಕಿಂತ ತುಂಬಿದ್ದು, ಆರ್ದ್ರವಾದದ್ದು. ಮಾಸ್ತರರ ಮಾತಿನಿಂದ ಕಣ್ತೆರೆಯುವ ಹುಡುಗರನ್ನು ಚಿತ್ರಿಸುವ ಪುಟಗಳಲ್ಲಿ ಅದರ ಚೆಲುವನ್ನು ಅಲ್ಲಗಳೆಯಲಾಗದು. ಆದರೆ ಕಾದಂಬರಿಯ ಅನುಕಂಪ ಮುಳುಗಿದ ಪೇದೆಯ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಂಬಳಕ್ಕೆ ದುಡಿಯುವ ಬಡವನೊಬ್ಬನ ಸಾವು ಹೋರಾಟದ ನೀತಿಗೆ ಒಡ್ಡುವ ಪ್ರಶ್ನೆ ಎದ್ದಲ್ಲೇ ಅಡಗುತ್ತದೆ.

ಎರಡೂ ಕಡೆ ನೀರಿನಲ್ಲಿ ಒಂದು ಸಾವು. ನಿರಂಜನರಲ್ಲಿ ಅದು ಇತಿಹಾಸದ ಕಡೆಗೆ ಸರಿದು ಹಗುರಾಗುತ್ತದೆ. ಸಾರಾ ಅವರಲ್ಲಿ ಸರಿಯಲು ಇತಿಹಾಸವೇ ಇಲ್ಲ. ನೇಣುಗಂಬವೇರಿದ ನಾಲ್ವರನ್ನು ನೆನೆಯಲು ಊರಿದೆ, ಪಕ್ಷವಿದೆ, ಕಾದಂಬರಿಯ ಹೆಸರೇ ಇದೆ. ನಾದಿರಾಳಿಗೆ ಅಂಥ ಸಮುದಾಯವಿಲ್ಲ. ಅವಳದೇ ಸಮುದಾಯ ಅವಳನ್ನು ನೀರಿಗೆ ತಳ್ಳಿದೆ. ಹಾಗಿದ್ದೂ ಅವಳನ್ನು ಸಾಯಿಸಿದ್ದು ಲೇಖಕಿ ಆರಿಸಿಕೊಂಡ ಸುಲಭದ ದಾರಿ ಎಂಬ ಅನುಮಾನ ಪೂರ್ತಿ ಅಳಿಯದು. ಸಾವು ಓದುಗನನ್ನು ಅಳಿಸುತ್ತದೆ, ಅದರೊಂದಿಗೆ ಬದುಕಿ ಉಳಿದವಳ ಪ್ರಶ್ನೆಯನ್ನೂ ಅಳಿಸುತ್ತದೆ. ಇದೆಲ್ಲವನ್ನೂ ಬಾಲ್ಯದಿಂದ ನುಂಗಿಕೊಂಡೇ ಬಂದ ತಾಯಿ ಫಾತಿಮ್ಮ ನಾಳೆ ಗಂಡನ ಮುಖವನ್ನು ಹೇಗೆ ನೋಡುತ್ತಾಳೆ ಎಂಬುದು ಇದಕ್ಕಿಂತ ಕಠಿಣವಾದ ಕಾದಂಬರಿಯಾಗಬಹುದಿತ್ತು.

ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದಕ್ಕೆ 'ಬ್ರೇಕಿಂಗ್ ಟೈಸ್' ಎಂಬ ಹೆಸರು. ನಂಟು ಹರಿಯುವ ಕ್ರಿಯೆ ಅಲ್ಲಿ ಉಳಿಯಿತು; ಹೊಳೆ, ದಡ ಹೋದವು. ತುಳುನಾಡಿಗೂ ಮಲಯಾಳ ಸೀಮೆಗೂ ಗಡಿಯೆಂದು ಹಿಂದಿನವರು ಎಣಿಸುತ್ತಿದ್ದ ಹೊಳೆ ಅದು. ಕನ್ನಡದ ಸಾಹಿತ್ಯ ಚರಿತ್ರೆ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ: ನಿರಂಜನರನ್ನು ಪ್ರಗತಿಶೀಲರ ಪಟ್ಟಿಯಲ್ಲೂ ಸಾರಾ ಅವರನ್ನು ಮುಸ್ಲಿಂ ಸಂವೇದನೆಯ ಅಧ್ಯಾಯದಲ್ಲೂ ಇಟ್ಟು, ಗಡಿನಾಡ ಅಧ್ಯಾಯವನ್ನು ಕವಿಗಳಿಗೆ ಬಿಟ್ಟುಕೊಟ್ಟಿತು.