ಕಾಂತಕ್ಷೇತ್ರ ಹೊರಬೀಳುವ ಬಗೆ: ಹಿರ್ಷ್ ಎತ್ತಿದ ಪ್ರಶ್ನೆ

ಅತಿವಾಹಕತೆಗೆ ಬಾರ್ಡೀನ್, ಕೂಪರ್, ಶ್ರೀಫರ್ 1957ರಲ್ಲಿ ಕೊಟ್ಟ ವಿವರಣೆಗೆ 1972ರಲ್ಲಿ ನೊಬೆಲ್ ಸಂದಿತು. ಇಂದಿಗೂ ಪಠ್ಯಗಳಲ್ಲಿರುವುದು ಅದೇ ಬಿಸಿಎಸ್ ಸಿದ್ಧಾಂತ. ಆದರೆ ಅತಿವಾಹಕದ ಮೂಲಗುಣವನ್ನೇ ಅದು ವಿವರಿಸಿಲ್ಲ ಎಂದು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ದಶಕಗಳಿಂದ ವಾದಿಸುತ್ತಿದ್ದಾರೆ. ನನ್ನ ಮಟ್ಟಿಗೆ ಅವರ ಪ್ರಶ್ನೆಗೆ ತೂಕವಿದೆ, ಉತ್ತರಕ್ಕಿಲ್ಲ.

ಆ ಗುಣವನ್ನು ಕಂಡವರು ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್, 1933ರಲ್ಲಿ, ಬರ್ಲಿನ್ನಿನಲ್ಲಿ. ಕಾಂತಕ್ಷೇತ್ರದಲ್ಲಿಟ್ಟೇ ತಣಿಸಿದ ಲೋಹ, ಅತಿವಾಹಕವಾದೊಡನೆ ಒಳಗಿದ್ದ ಕ್ಷೇತ್ರವನ್ನು ಹೊರದಬ್ಬಿತು; ಇದೇ ಮೈಸ್ನರ್ ಪರಿಣಾಮ. ವಿದ್ಯುತ್ ರೋಧ ಸೊನ್ನೆಯಾಗುವುದಷ್ಟೇ ನಡೆದಿದ್ದರೆ ಕ್ಷೇತ್ರ ಒಳಗೇ ಸಿಕ್ಕಿಕೊಳ್ಳಬೇಕಿತ್ತು.

ಹಿರ್ಷ್ ಬೆರಳಿಡುವುದು ಈ ಹೊರದಬ್ಬುವ ಗಳಿಗೆಯ ಮೇಲೆ. ಕ್ಷೇತ್ರ ಕುಗ್ಗುವಾಗ ಫ್ಯಾರಡೆ ನಿಯಮದಂತೆ ಹುಟ್ಟುವ ವಿದ್ಯುತ್ ಬಲ, ಇದ್ದ ಕ್ಷೇತ್ರವನ್ನು ಉಳಿಸುವ ದಿಕ್ಕಿಗೇ ಎಲೆಕ್ಟ್ರಾನುಗಳನ್ನು ತಳ್ಳುತ್ತದೆ. ಆದರೆ ಕ್ಷೇತ್ರವನ್ನು ಹೊರದಬ್ಬುವ ಮೇಲ್ಮೈಯ ಪ್ರವಾಹ ಏಳುವುದು ಅದರ ವಿರುದ್ಧ ದಿಕ್ಕಿನಲ್ಲಿ. ಎಲೆಕ್ಟ್ರಾನುಗಳು ಒಂದು ಕಡೆ ಸುತ್ತತೊಡಗಿದರೆ, ಒಟ್ಟು ಕೋನೀಯ ಸಂವೇಗ ಬದಲಾಗದಂತೆ ಲೋಹದ ಸ್ಫಟಿಕ ಜಾಲ ಇನ್ನೊಂದು ಕಡೆ ತಿರುಗಬೇಕು. ಘರ್ಷಣೆಯಿಂದ ಶಾಖ ಹುಟ್ಟದೆ ಈ ಕೋನೀಯ ಸಂವೇಗ ಜಾಲಕ್ಕೆ ದಾಟುವುದು ಹೇಗೆ? ಕ್ಷೇತ್ರ ಹೊರಗಿದ್ದರೆ ಶಕ್ತಿ ಕಡಿಮೆ, ಆದ್ದರಿಂದ ಅದು ಹೊರಗಿದೆ ಎನ್ನುತ್ತವೆ ಪಠ್ಯಗಳು. ಅದು ತಲುಪಿದ ಸ್ಥಿತಿಗೆ ಕಾರಣ ಹೇಳುತ್ತದೆಯೇ ಹೊರತು ತಲುಪಿದ ಬಗೆಯನ್ನು ಹೇಳುವುದಿಲ್ಲ.

ಇಷ್ಟಕ್ಕೇ ಬಿಸಿಎಸ್ ಅನ್ನು ತಳ್ಳಿಹಾಕುವುದು ಮಾತ್ರ ಅತಿಯಾಯಿತು. ಶಕ್ತಿಯ ಅಂತರವನ್ನು, ಐಸೊಟೋಪ್ ಬದಲಾದಂತೆ ಅತಿವಾಹಕವಾಗುವ ತಾಪ ಬದಲಾಗುವುದನ್ನು ಅದು ಒಂದೇ ಎಳೆಯಲ್ಲಿ ಹೆಣೆದಿದೆ. 1961ರಲ್ಲಿ ಅಳೆದ ಕಾಂತೀಯ ಅಭಿವಾಹದ ತುಣುಕುಗಳ ಗಾತ್ರ, ಬಿಸಿಎಸ್ ಹೇಳಿದಂತೆ ಎಲೆಕ್ಟ್ರಾನುಗಳು ಜೋಡಿಯಾಗಿರುವುದನ್ನು ದೃಢಪಡಿಸಿತು. ಹಿರ್ಷ್ ಮುಂದಿಡುವ 'ರಂಧ್ರ' ಸಿದ್ಧಾಂತದ ಪ್ರಕಾರ ಅತಿವಾಹಕ ತನ್ನೊಡಲಿನ ಋಣ ವಿದ್ಯುದಂಶವನ್ನೂ ಅಂಚಿಗೆ ದಬ್ಬುತ್ತದೆ, ಒಳಗೆ ವಿದ್ಯುತ್ ಕ್ಷೇತ್ರ ಉಳಿಯುತ್ತದೆ. ಒಪ್ಪಿತ ಪ್ರಯೋಗ ಯಾವುದೂ ಇದನ್ನು ಎತ್ತಿಹಿಡಿದಿಲ್ಲ.

ಹಾಗೆಂದು ಅವರನ್ನು ಹಟಮಾರಿ ಎಂದು ಬದಿಗೆ ಸರಿಸುವುದೂ ತಪ್ಪು. ಕೋಣೆಯ ತಾಪದಲ್ಲೇ ಅತಿವಾಹಕತೆ ಕಂಡಿತೆಂದು 2020ರಲ್ಲಿ 'ನೇಚರ್' ಪ್ರಕಟಿಸಿದ ಲೇಖನದ ಕಾಂತೀಯ ದತ್ತಾಂಶವನ್ನು ಅವರು ಪಟ್ಟುಹಿಡಿದು ಕೇಳಿದರು. 2022ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು.

ಕಾಲೇಜುಗಳಲ್ಲಿ ಮೈಸ್ನರ್ ಪರಿಣಾಮವನ್ನು ಕಲಿಸುವವರು ಶಕ್ತಿಯ ಲೆಕ್ಕಕ್ಕೆ ನಿಲ್ಲದೆ, ಸಂವೇಗದ ಲೆಕ್ಕವನ್ನೂ ಕರಿಹಲಗೆಯ ಮೇಲೆ ಬರೆಯಲಿ. ಬಿಸಿಎಸ್ ಅನ್ನು ನಂಬುವವರೇ ಮೊದಲು ಮಾಡಬೇಕಾದ ಕೆಲಸ ಅದು.