ಲಿಯರನ ಗಿಳಿಗಳು

ಇಂಗ್ಲಿಷ್ ಸಾಹಿತ್ಯದ ಓದುಗರಿಗೆ ಎಡ್ವರ್ಡ್ ಲಿಯರ್ ನಗೆಪದ್ಯಗಳ ಕರ್ತೃವೆಂದು ಪರಿಚಿತ. ಆ ಪದ್ಯಗಳ ಸಂಕಲನ ಹೊರಬಂದದ್ದು 1846ರಲ್ಲಿ. ಅದಕ್ಕೂ ಹದಿನಾರು ವರ್ಷ ಮೊದಲು, ಹದಿನೆಂಟರ ತರುಣನಾಗಿದ್ದಾಗಲೇ, ಅವನು ಗಿಳಿಗಳ ಕುಲವೊಂದನ್ನೇ ಕಲ್ಲಚ್ಚಿನಲ್ಲಿ ಚಿತ್ರಿಸಿ ಪ್ರಕಟಿಸುವ ಸಾಹಸಕ್ಕೆ ಕೈಹಾಕಿದ್ದನು. 1830ರಿಂದ 1832ರವರೆಗೆ ಕಂತುಕಂತಾಗಿ 42 ಚಿತ್ರಗಳು ಬೆಳಕು ಕಂಡವು. ಪಕ್ಷಿಶಾಸ್ತ್ರಜ್ಞರು ಈ ಗ್ರಂಥವನ್ನು ಅದರ ನಿಖರತೆಗಾಗಿ ಹೊಗಳುತ್ತಾರೆ. ಕಲಾರಸಿಕರು ಅದೇ ಕಾರಣಕ್ಕಾಗಿ ಇದನ್ನು ಶಾಸ್ತ್ರದ ಕಪಾಟಿಗೆ ಸೇರಿಸಿ ಸುಮ್ಮನಾಗುತ್ತಾರೆ. ಈ ವಿಭಜನೆಯನ್ನು ಒಪ್ಪುವುದು ಕಷ್ಟ.

ಬವೇರಿಯದ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಕಂಡುಹಿಡಿದ ಕಲ್ಲಚ್ಚಿನ ತತ್ತ್ವ ಸರಳವಾದದ್ದು. ನುಣ್ಣಗೆ ತೇಯ್ದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ಕಲ್ಲನ್ನು ಹದಗೊಳಿಸಿ, ಒದ್ದೆಮಾಡಿ ಶಾಯಿ ಸವರಿದರೆ, ಶಾಯಿಯು ಜಿಡ್ಡಿಗೆ ಅಂಟುತ್ತದೆ, ನೀರನ್ನು ಬಿಡುತ್ತದೆ. (1843ರ ‘ಮಂಗಳೂರ ಸಮಾಚಾರ’ ಅಚ್ಚಾದದ್ದೂ ಕಲ್ಲಿನ ಮೇಲೆಯೇ.) ತಾಮ್ರದ ತಗಡಿನಲ್ಲಾದರೆ ಚಿತ್ರಕಾರನಿಗೂ ಕಾಗದಕ್ಕೂ ನಡುವೆ ಕೆತ್ತನೆಗಾರನೊಬ್ಬ ನಿಲ್ಲುತ್ತಾನೆ, ಅಡುಬಾನನ ಅಮೆರಿಕದ ಪಕ್ಷಿಗಳು ಬಹುಮಟ್ಟಿಗೆ ಹ್ಯಾವೆಲನ ಕೈಯಿಂದ ಬಂದವು. ಕಲ್ಲಚ್ಚಿನಲ್ಲಿ ಈ ಮಧ್ಯಸ್ಥನಿಲ್ಲ. ಲಿಯರ್ ತಾನೇ ಕಲ್ಲಿನ ಮೇಲೆ, ಎಡಬಲ ಅದಲುಬದಲಾಗಿ, ಬರೆದನು. ಬಳಪದ ಒತ್ತು ಎಷ್ಟೋ ಅಷ್ಟೇ ಗರಿಯ ನೆರಳು. ಮೇಲಿನ ಬಣ್ಣವನ್ನು ಆಮೇಲೆ ಕೈಯಿಂದ ಹಚ್ಚಲಾಯಿತು. ಆದರೆ ಗಿಳಿಯ ಮೈಯ ದುಂಡುತನವು ಬಣ್ಣಕ್ಕೂ ಮೊದಲೇ ಕಪ್ಪುಬಿಳುಪಿನಲ್ಲಿ ಸಿದ್ಧಿಸಿದೆ.

ತಂತ್ರಕ್ಕಿಂತ ಮಿಗಿಲಾದ ಕಾರಣ ಇನ್ನೊಂದಿದೆ. ಲಿಯರ್ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಕುಳಿತು ಬದುಕಿರುವ ಗಿಳಿಗಳನ್ನು ನೋಡಿ ಬರೆದನು. ಅದೇ ವರ್ಷಗಳಲ್ಲಿ ಎಲಿಜಬೆತ್ ಗೂಲ್ಡ್ ತನ್ನ ಪತಿ ಜಾನ್ ಗೂಲ್ಡನ ಗ್ರಂಥಕ್ಕಾಗಿ ಹಿಮಾಲಯದ ನೂರು ಪಕ್ಷಿಗಳನ್ನು 80 ಕಲ್ಲಚ್ಚುಗಳಲ್ಲಿ ಚಿತ್ರಿಸಿದಳು. ಅವಳ ಮುಂದಿದ್ದದ್ದು ಲಂಡನ್ನಿಗೆ ಬಂದಿಳಿದ ಚರ್ಮಗಳು ಮಾತ್ರ. ಗರಿಯ ಕೆಲಸ ಅಲ್ಲಿಯೂ ಶ್ರದ್ಧೆಯದೇ. ಆದರೆ ನಮ್ಮ ನಾಡಿನ ಆ ಹಕ್ಕಿಗಳು ಕೊಂಬೆಯನ್ನು ಹಿಡಿದಿಲ್ಲ, ಕೊಂಬೆಯ ಮೇಲೆ ಇರಿಸಲ್ಪಟ್ಟಿವೆ. ದೋಷ ಅವಳ ಕೈಯದಲ್ಲ. ಲಿಯರನ ಮಕಾವ್ ಗಿಳಿಯ ಉಗುರಿನಲ್ಲಿ ಮೈಭಾರವೆಲ್ಲ ಕಾಣುತ್ತದೆ.

ನಿಖರತೆಯೇ ಇಲ್ಲಿ ಕಲೆ ಎನ್ನುವುದಕ್ಕೆ ಒಂದು ಚಿತ್ರ ಸಾಕ್ಷಿ. ನೀಲಿ ಮಕಾವ್ ಒಂದನ್ನು ಬರೆದು ಲಿಯರ್ ಅದಕ್ಕೆ ‘ಹಯಸಿಂತ್’ ಜಾತಿಯ ಹೆಸರಿಟ್ಟನು. ಹೆಸರು ತಪ್ಪು. ಅದು ಬೇರೆಯೇ ಜಾತಿಯೆಂದು 1856ರಲ್ಲಿ ಬೋನಪಾರ್ತ್ ಗುರುತಿಸಿ, ಅದಕ್ಕೆ ಲಿಯರನ ಹೆಸರನ್ನೇ ಇಟ್ಟನು. ಬ್ರೆಜಿಲಿನ ಬಾಹಿಯಾ ಪ್ರಾಂತದಲ್ಲಿ ಅದರ ನೆಲೆ ವಿದ್ವಾಂಸರಿಗೆ ಸಿಕ್ಕಿದ್ದು 1978ರಷ್ಟು ತಡವಾಗಿ. ಚಿತ್ರಕಾರನಿಗೆ ತಿಳಿಯದಿದ್ದುದನ್ನು ಚಿತ್ರ ಬಲ್ಲದಾಗಿತ್ತು. ಕಣ್ಣು ಅರಿವಿಗೆ ಶರಣಾಗಿದ್ದರೆ, ಅವನು ಹೆಸರಿಗೆ ತಕ್ಕಂತೆ ಹಕ್ಕಿಯನ್ನು ತಿದ್ದಿಬಿಡುತ್ತಿದ್ದನು.

ಆದರೂ ಒಂದು ಕೊರತೆಯನ್ನು ಹೇಳದೆ ಬಿಡಲಾಗದು. ಪಂಜರವನ್ನು ಲಿಯರ್ ಅಳಿಸಿದ್ದಾನೆ. ಅದರ ಸ್ಥಾನದಲ್ಲಿ ಕಾಡನ್ನು ತಂದಿಲ್ಲ. ಒಂದು ತುಂಡು ಕೊಂಬೆ, ಸುತ್ತಲೂ ಬಿಳಿಯ ಹಾಳೆ. ಕೆಲವು ಗಿಳಿಗಳ ದೃಷ್ಟಿ ನೇರವಾಗಿ ನೋಡುಗನ ಮೇಲೆ ನೆಟ್ಟಿದೆ. ಮನುಷ್ಯರನ್ನು ದಿನವೂ ಕಂಡ ಬಂದಿಯ ದೃಷ್ಟಿ ಅದು. ತಾನು ಕಾಣದ ಕಾಡನ್ನು ಕಲ್ಪಿಸಿ ಬರೆಯದಿರುವುದು ಪ್ರಾಮಾಣಿಕತೆಯೇ ಸರಿ. ಆದರೆ ಗಿಳಿಯ ಅರ್ಧ ಬದುಕು ಚಿತ್ರದಿಂದ ಹೊರಗುಳಿಯಿತು.

ಹದಿನಾಲ್ಕು ಕಂತುಗಳ ಯೋಜನೆ ಹನ್ನೆರಡಕ್ಕೆ ನಿಂತಿತು; ಚಂದಾ ಹಣದ ಮೇಲೆ ನಡೆಯಬೇಕಿದ್ದ ಉದ್ಯಮ ಲಾಭ ತರಲಿಲ್ಲ. ಕಣ್ಣು ಮಂದವಾಗುತ್ತ ಬಂದಂತೆ ಲಿಯರ್ ಪಕ್ಷಿಗಳನ್ನು ಬಿಟ್ಟು, 1837ರಲ್ಲಿ ರೋಮಿಗೆ ಹೊರಟು ನಿಸರ್ಗದೃಶ್ಯಗಳ ಚಿತ್ರಕಾರನಾದನು. 1873ರಿಂದ 1875ರವರೆಗೆ ಭಾರತದಲ್ಲಿ ಸಂಚರಿಸಿದ್ದೂ ಆ ಕೆಲಸಕ್ಕಾಗಿಯೇ. ಗಿಳಿಗಳ ಮೂಲಶಿಲೆಗಳು ಆ ಹೊತ್ತಿಗೆ ಉಳಿದಿರಲಿಲ್ಲ: 175 ಪ್ರತಿಗಳು ಅಚ್ಚಾದ ಮೇಲೆ ಕಲ್ಲಿನ ಮೇಲಿನ ಚಿತ್ರವನ್ನು ಅವನೇ ಅಳಿಸಿಹಾಕಿಸಿದ್ದನು.