ಲೆಬನಾನಿನ ಪಟ್ಟಿಗಳು: ಒಟ್ಟಿಗೆ ನಿಂತವರ ಪೈಪೋಟಿ

2017ರಲ್ಲಿ ಲೆಬನಾನ್ ತನ್ನ ಚುನಾವಣಾ ಕಾಯ್ದೆ ಬದಲಿಸಿ ಪ್ರಮಾಣಾನುಗುಣ ಪ್ರಾತಿನಿಧ್ಯಕ್ಕೆ ಬಂದದ್ದು ದೊಡ್ಡ ಹೆಜ್ಜೆಯೇ. ಅಲ್ಲಿಯವರೆಗೆ ಕ್ಷೇತ್ರದಲ್ಲಿ ಮೇಲುಗೈ ಪಡೆದ ಬಣ ಬಹುತೇಕ ಎಲ್ಲ ಸ್ಥಾನಗಳನ್ನೂ ಬಾಚಿಕೊಳ್ಳುತ್ತಿತ್ತು. ಈಗ 128 ಸ್ಥಾನಗಳು 15 ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ಕನಿಷ್ಠ ಮಿತಿ ದಾಟಿದ ಪ್ರತಿ ಪಟ್ಟಿಗೂ ಮತಕ್ಕೆ ತಕ್ಕಷ್ಟು ಪಾಲು. ಮತದಾರ ಒಂದು ಪಟ್ಟಿಯನ್ನು ಆರಿಸಿ, ಅದರೊಳಗೆ ತನ್ನ ಕಜಾದ, ಅಂದರೆ ತಾಲ್ಲೂಕಿನಂಥ ಘಟಕದ, ಒಬ್ಬರಿಗೆ ಮಾತ್ರ ಆದ್ಯತೆಯ ಮತ ಕೊಡಬಹುದು. ಪ್ರಮಾಣದ ತತ್ವವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಒಬ್ಬರಿಗೆ ಮಾತ್ರ ಎಂಬ ಕಟ್ಟು ಪಟ್ಟಿಯನ್ನು ಒಳಗಿನಿಂದಲೇ ಒಡೆದಿದೆ.

ಪಟ್ಟಿಗೆ ದಕ್ಕಿದ ಸ್ಥಾನದಲ್ಲಿ ಯಾರು ಕೂರಬೇಕೆಂಬುದನ್ನು ಆದ್ಯತೆಯ ಮತವೇ ತೀರ್ಮಾನಿಸುವುದರಿಂದ, ಅಭ್ಯರ್ಥಿಗೆ ಎದುರಾಳಿ ಪಟ್ಟಿಯಷ್ಟೇ ಆತಂಕ ತನ್ನ ಪಕ್ಕದ ಹೆಸರಿನಿಂದಲೂ. ಹೀಗಾಗಿ ಪಕ್ಷಗಳು ಹುಡುಕುವುದು ಮತ ತಂದುಕೊಟ್ಟು ತಮ್ಮವರನ್ನು ಮೀರಿಸದ ಜೊತೆಗಾರರನ್ನು. ಕಾರ್ಯಕ್ರಮ ಹೊಂದುತ್ತದೆಯೇ ಎಂಬುದು ಹಿಂದೆ ಸರಿಯುತ್ತದೆ. 2018ರಲ್ಲಿ ಫ್ರೀ ಪೇಟ್ರಿಯಾಟಿಕ್ ಮೂವ್‌ಮೆಂಟ್ ಪಕ್ಷ ಬಾಬ್ದಾ ಕ್ಷೇತ್ರದಲ್ಲಿ ಹಿಜ್ಬುಲ್ಲಾದೊಂದಿಗೆ ಒಂದೇ ಪಟ್ಟಿಯಲ್ಲಿತ್ತು, ಕೆಸ್ರವಾನ್-ಜಬೈಲ್‌ನಲ್ಲಿ ಅದರ ಎದುರಿಗಿತ್ತು. ಇದರ ಮೇಲೆ ಪಂಥವಾರು ಮೀಸಲು: ಪ್ರತಿ ಸ್ಥಾನವೂ ಒಂದು ಧಾರ್ಮಿಕ ಪಂಥಕ್ಕೆ ಮೀಸಲು. ಎಲ್ಲ ಪಟ್ಟಿಗಳ ಅಭ್ಯರ್ಥಿಗಳನ್ನು ಆದ್ಯತೆಯ ಮತಗಳ ಶೇಕಡಾವಾರಿನಂತೆ ಸಾಲಾಗಿಟ್ಟು ಸ್ಥಾನ ತುಂಬುವಾಗ, ಕೊನೆಗೆ ಉಳಿದ ಪಂಥದ ಸ್ಥಾನ ಇನ್ನೂ ಪಾಲು ಬಾಕಿಯಿರುವ ಪಟ್ಟಿಗೆ ಹೋಗುತ್ತದೆ, ಅಲ್ಲಿ ಅಭ್ಯರ್ಥಿಗೆ ಎಷ್ಟೇ ಕಡಿಮೆ ಮತ ಬಿದ್ದಿರಲಿ. 2018ರಲ್ಲಿ ಜಹ್ಲೆಯ ಅರ್ಮೇನಿಯನ್ ಸ್ಥಾನ ಗೆದ್ದವರಿಗೆ ಬಿದ್ದದ್ದು 77 ಆದ್ಯತೆಯ ಮತ. 2022ರಲ್ಲಿ ಟ್ರಿಪೊಲಿಯ ಮರೋನೈಟ್ ಸ್ಥಾನ ಗೆದ್ದವರಿಗೆ 79. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಮತ ಪಡೆದವರು ಮನೆಗೆ ಹೋದರು. ಇಂಥ ಶಾಸಕರು ಯಾರಿಗೆ ಉತ್ತರ ಹೇಳಬೇಕು?

ಹಳೆಯ ಪದ್ಧತಿಗೆ ಹೋಲಿಸಿದರೆ ಇದೇ ವಾಸಿ ಎನ್ನುವವರ ಮಾತಿನಲ್ಲಿ ಬಲವಿದೆ. ದಕ್ಷಿಣದ ಮೂರನೇ ಕ್ಷೇತ್ರದಲ್ಲಿ 2018ರಲ್ಲಿ ಅಮಲ್ ಮತ್ತು ಹಿಜ್ಬುಲ್ಲಾ ಪಕ್ಷಗಳ ಜಂಟಿ ಪಟ್ಟಿ 11ಕ್ಕೆ 11 ಗೆದ್ದಿತ್ತು. 2022ರಲ್ಲಿ ವಿರೋಧಿ ಪಟ್ಟಿ ಎರಡು ಸ್ಥಾನ ಕಸಿದುಕೊಂಡಿತು. ಹಿಂದಿನ ಕಾಯ್ದೆಯಡಿ ಇದು ಆಗುತ್ತಲೇ ಇರಲಿಲ್ಲ. ಆದರೆ ಆ ಬಾಗಿಲು ತೆರೆದದ್ದು ಪ್ರಮಾಣದ ಹಂಚಿಕೆ, ಆದ್ಯತೆಯ ಮತದ ಈ ಕಟ್ಟಲ್ಲ. ಆದ್ಯತೆಯ ಮತವನ್ನೇ ತೆಗೆದರೆ ಪಕ್ಷದ ಯಜಮಾನರು ಬರೆದ ಕ್ರಮವೇ ಅಂತಿಮವಾಗುತ್ತದೆ ಎಂಬ ಭಯವೂ ನಿಜವಾದದ್ದೇ. ಅದನ್ನು ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಒಂದರ ಬದಲು ಎರಡು ಮತ ಕೊಡಿ, ಕಜಾದ ಗಡಿಯನ್ನು ಸಡಿಲಿಸಿ. ಆಗ ಟ್ರಿಪೊಲಿಯ ಸುನ್ನಿ ಮತದಾರ ತನ್ನವರಿಗೊಂದು ಮತ ಹಾಕಿಯೂ ಅದೇ ಪಟ್ಟಿಯ ಮರೋನೈಟ್ ಅಭ್ಯರ್ಥಿಗೆ ಇನ್ನೊಂದನ್ನು ಹಾಕಬಲ್ಲ. ಆ ಅಭ್ಯರ್ಥಿಯೂ ಅವನ ಮನೆ ಬಾಗಿಲಿಗೆ ಬಂದು ಮತ ಕೇಳಬೇಕಾಗುತ್ತದೆ.